ಸರ್ಟ್-ಇನ್‌ಗೆ ಏನು, ಯಾವಾಗ, ಹೇಗೆ ತಿಳಿಸಬೇಕು? ತುಮಕೂರು ಸೀಮೆಯ ಅಂಗಡಿ, ಕಾರ್ಖಾನೆ, ಸಂಘ, ಕಾಲೇಜುಗಳಿಂದ ಪದೇ ಪದೇ ಕೇಳಿಬರುವ ಪ್ರಶ್ನೆಗಳು

ಅಂತರಸನಹಳ್ಳಿ, ವಸಂತನರಸಾಪುರದ ಸಣ್ಣ ಕಾರ್ಖಾನೆ, ತಿಪಟೂರಿನ ಕೊಬ್ಬರಿ ಮಂಡಿ, ತಾಲ್ಲೂಕಿನ ಪತ್ತಿನ ಸಹಕಾರ ಸಂಘ, ಖಾಸಗಿ ಕಾಲೇಜು. ಇಲ್ಲೆಲ್ಲ ಕಂಪ್ಯೂಟರ್ ನೋಡಿಕೊಳ್ಳುವುದಕ್ಕೆಂದೇ ಒಂದು ವಿಭಾಗ ಇರುವುದು ಅಪರೂಪ. ಲೆಕ್ಕ ಬರೆಯುವವರೋ, ಲ್ಯಾಬ್ ಸಹಾಯಕರೋ, ಕರೆದಾಗ ಬಂದುಹೋಗುವ ಹಾರ್ಡ್‌ವೇರ್ ಹುಡುಗನೋ ಎಲ್ಲವನ್ನೂ ಸಂಭಾಳಿಸುತ್ತಾರೆ. ಈ ಪುಟ ಅಂಥವರಿಗಾಗಿ.

ಸರ್ಟ್-ಇನ್ ಅಂದರೆ ಯಾರು? ಪೊಲೀಸರಾ?

ಅಲ್ಲ. ಇಂಡಿಯನ್ ಕಂಪ್ಯೂಟರ್ ಎಮರ್ಜೆನ್ಸಿ ರೆಸ್ಪಾನ್ಸ್ ಟೀಮ್ ಎಂಬುದರ ಚುಟುಕು ರೂಪವೇ ಸರ್ಟ್-ಇನ್. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಕೆಳಗೆ 2004ರ ಜನವರಿಯಿಂದ ಕೆಲಸ ಮಾಡುತ್ತಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮು ಇದನ್ನು ದೇಶದ ಅಧಿಕೃತ ಸಂಸ್ಥೆ ಎಂದು ಗುರುತಿಸುತ್ತದೆ. ದೇಶದ ಯಾವ ಮೂಲೆಯಲ್ಲಿ ಎಂಥ ದಾಳಿ ನಡೆಯುತ್ತಿದೆ ಎಂಬ ಮಾಹಿತಿಯನ್ನು ಒಟ್ಟುಮಾಡುವುದು, ಮಿಕ್ಕವರನ್ನು ಎಚ್ಚರಿಸುವುದು, ಇಂಟರ್ನೆಟ್ ಕಂಪನಿಗಳೊಂದಿಗೂ ಹೊರದೇಶದ ಇಂಥವೇ ತಂಡಗಳೊಂದಿಗೂ ಮಾತಾಡಿ ದಾಳಿಯ ಮೂಲವನ್ನು ಮುಚ್ಚಿಸುವುದು ಅದರ ಕೆಲಸ.

ಇಂಥ ತಂಡಗಳ ಪರಿಪಾಠ ಶುರುವಾದದ್ದು ಅಮೆರಿಕದಲ್ಲಿ. 1988ರ ನವೆಂಬರ್ 2ರಂದು ಮಾರಿಸ್ ವರ್ಮ್ ಎಂಬ ಪ್ರೋಗ್ರಾಮು ಹರಡಿದಾಗ ಯಾರು ಯಾರಿಗೆ ಫೋನ್ ಮಾಡಬೇಕೆಂಬುದೇ ಯಾರಿಗೂ ತಿಳಿಯಲಿಲ್ಲ. ಅದರ ಬೆನ್ನಿಗೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮೊದಲ ಸರ್ಟ್ ಹುಟ್ಟಿತು. ‘ಯಾರಿಗೆ ಹೇಳಬೇಕು’ ಎಂಬ ಆ ಗೊಂದಲ ನಮ್ಮ ಬಿ.ಎಚ್. ರಸ್ತೆಯ ಅಂಗಡಿಗಳಲ್ಲಿ ಇವತ್ತಿಗೂ ಇದೆ.

ಖಾತೆಯಿಂದ ದುಡ್ಡು ಹೋಗಿದೆ. ಸರ್ಟ್-ಇನ್‌ಗೆ ಫೋನ್ ಮಾಡಲಾ?

ಬೇಡ, ಮೊದಲು 1930 ಸಹಾಯವಾಣಿ. ಇದು ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಿರುವಾಗಲೇ ಬ್ಯಾಂಕುಗಳಿಗೆ ತಿಳಿಸಿ ತಡೆಹಿಡಿಸುವ ಪ್ರಯತ್ನ ಅಲ್ಲಿ ನಡೆಯುತ್ತದೆ. ಯುಪಿಐ ಆಗಿದ್ದರೆ 12 ಅಂಕಿಯ ವ್ಯವಹಾರ ಸಂಖ್ಯೆ, ಮೊತ್ತ, ಸಮಯ, ನಿಮ್ಮ ಖಾತೆ ಸಂಖ್ಯೆ ಕೈಯಲ್ಲಿಟ್ಟುಕೊಂಡು ಕರೆ ಮಾಡಿ. ಕೊಟ್ಟ ದೂರಿನ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ವಿವರ ತುಂಬಿ, ಜಿಲ್ಲಾ ಕೇಂದ್ರದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ. ಎಫ್‌ಐಆರ್ ಹಾಕುವುದು, ಕಳ್ಳನನ್ನು ಹಿಡಿಯುವುದು ಠಾಣೆಯ ಕೆಲಸ. ಸರ್ಟ್-ಇನ್‌ಗೆ ಆ ಅಧಿಕಾರವಿಲ್ಲ, ಹಣ ವಾಪಸ್ ಕೊಡಿಸುವ ದಾರಿಯೂ ಅದರ ಬಳಿ ಇಲ್ಲ.

ಕೆಲವು ಘಟನೆಗಳಲ್ಲಿ ಎರಡೂ ಕಡೆ ಹೇಳಬೇಕಾಗುತ್ತದೆ. ಸಂಘದ ಸರ್ವರ್‌ಗೆ ಯಾರೋ ನುಗ್ಗಿ ಹಣ ವರ್ಗಾಯಿಸಿದ್ದರೆ ಹಣದ ಮಾತು 1930ಕ್ಕೆ, ನುಗ್ಗಿದ ಮಾತು ಸರ್ಟ್-ಇನ್‌ಗೆ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಾನಾಗಿ ಮುಟ್ಟುತ್ತದೆ ಎಂದು ಕೂರಬೇಡಿ.

ನಮ್ಮದು ಎಂಟು ಜನರ ಚಿಕ್ಕ ಯೂನಿಟ್. ಆರು ಗಂಟೆಯ ನಿಯಮ ನಮಗೂ ಅನ್ವಯವೇ?

ಹೌದು. ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ತನಗೆ ತಿಳಿಸಬೇಕು ಎಂದು ಸರ್ಟ್-ಇನ್ ಹೊರಡಿಸಿದ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಇಂಟರ್ನೆಟ್ ಕಂಪನಿ, ಡೇಟಾ ಸೆಂಟರ್, ಸರ್ಕಾರಿ ಕಚೇರಿಗಳ ಜೊತೆಗೆ ‘ಬಾಡಿ ಕಾರ್ಪೊರೇಟ್’ ಎಂಬ ಮಾತಿದೆ. ಹೆಸರು ದೊಡ್ಡದಾಗಿ ಕೇಳಿಸಿದರೂ ಕಾಯ್ದೆಯಲ್ಲಿ ಅದರ ಅರ್ಥ ತೀರಾ ಅಗಲ: ಕಂಪನಿ, ಪಾಲುದಾರಿಕೆ ಫರ್ಮು, ಒಬ್ಬರೇ ಮಾಲೀಕರ ವ್ಯವಹಾರ, ವ್ಯಾಪಾರ ಅಥವಾ ವೃತ್ತಿ ನಡೆಸುವ ಜನರ ಕೂಟ, ಎಲ್ಲವೂ ಅದರೊಳಗೆ ಬರುತ್ತವೆ. ಸಣ್ಣ ಉದ್ದಿಮೆಗಳಿಗೆ ಸಿಕ್ಕಿದ್ದು 2022ರ ಸೆಪ್ಟೆಂಬರ್ 25ರವರೆಗಿನ ಕಾಲಾವಕಾಶ ಮಾತ್ರ. ಅದು ಮುಗಿದು ವರ್ಷಗಳಾದವು.

ಮನೆಯಲ್ಲಿ ಸ್ವಂತಕ್ಕೆ ಕಂಪ್ಯೂಟರ್ ಬಳಸುವವರಿಗೆ ಈ ಕಡ್ಡಾಯವಿಲ್ಲ. ಆದರೂ ಅವರು ವರದಿ ಮಾಡಬಹುದು.

ಕೇಳಿದ ಮಾಹಿತಿ ಕೊಡದಿದ್ದರೆ, ನಿರ್ದೇಶನ ಪಾಲಿಸದಿದ್ದರೆ ಒಂದು ವರ್ಷದವರೆಗೆ ಸೆರೆ, ದಂಡ, ಅಥವಾ ಎರಡೂ ಆಗಬಹುದು. ದಂಡದ ಮಿತಿ ಮೊದಲು 1 ಲಕ್ಷ ರೂಪಾಯಿ ಇತ್ತು. 2023ರ ಜನ ವಿಶ್ವಾಸ್ ಕಾಯ್ದೆ ಅದನ್ನು 1 ಕೋಟಿಗೆ ಏರಿಸಿತು.

ಆರು ಗಂಟೆ ಎಲ್ಲಿಂದ ಲೆಕ್ಕ? ದಾಳಿ ಆದಾಗಿನಿಂದಲೋ, ನಮಗೆ ಗೊತ್ತಾದಾಗಿನಿಂದಲೋ?

ನಿಮ್ಮ ಗಮನಕ್ಕೆ ಬಂದ ಗಳಿಗೆಯಿಂದ, ಇಲ್ಲವೇ ಬೇರೆಯವರು ನಿಮ್ಮ ಗಮನಕ್ಕೆ ತಂದ ಗಳಿಗೆಯಿಂದ. ಶನಿವಾರ ರಾತ್ರಿ ನುಗ್ಗಿದ್ದು ಸೋಮವಾರ ಬೆಳಿಗ್ಗೆ 9:10ಕ್ಕೆ ಕಂಡರೆ ಮಧ್ಯಾಹ್ನ 3:10ರವರೆಗೆ ಸಮಯವಿದೆ. ಆ 9:10 ಅನ್ನು ಎಲ್ಲಾದರೂ ಬರೆದಿಡಿ, ಕೈಬರಹದ ಡೈರಿಯಾದರೂ ಸರಿ.

ಪೂರ್ತಿ ತನಿಖೆ ಮುಗಿಸಿ ವರದಿ ಕೊಡೋಣ ಎಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಆರು ಗಂಟೆಯೊಳಗೆ ಏನು ಗೊತ್ತಿದೆಯೋ ಅಷ್ಟು ಕಳಿಸಿದರೆ ಸಾಕು. ಮಿಕ್ಕಿದ್ದನ್ನು ಆಮೇಲೆ ಸೇರಿಸಬಹುದು.

ಯಾವುದನ್ನೆಲ್ಲ ತಿಳಿಸಬೇಕು? ಪ್ರತಿ ಸ್ಪ್ಯಾಮ್ ಮೇಲ್‌ಗೂ ವರದಿಯೇ?

ನಿರ್ದೇಶನದ ಅನುಬಂಧದಲ್ಲಿ 20 ಬಗೆಗಳಿವೆ. ನಮ್ಮ ಕಡೆಯ ಸಂಸ್ಥೆಗಳಿಗೆ ತಾಕುವವು ಇಷ್ಟು: ಫೈಲುಗಳನ್ನು ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್, ಅನುಮತಿಯಿಲ್ಲದ ಪ್ರವೇಶ, ವೆಬ್‌ಸೈಟ್ ವಿರೂಪ, ಸದಸ್ಯರ ಅಥವಾ ವಿದ್ಯಾರ್ಥಿಗಳ ಮಾಹಿತಿ ಸೋರಿಕೆ, ರೂಟರ್ ಮತ್ತು ಕ್ಯಾಮೆರಾಗಳ ಮೇಲಿನ ದಾಳಿ, ನಿಮ್ಮ ಸಂಸ್ಥೆಯ ಹೆಸರಿನ ನಕಲಿ ಆ್ಯಪ್, ಸಂಸ್ಥೆಯ ಸಾಮಾಜಿಕ ಜಾಲತಾಣದ ಖಾತೆ ಕೈತಪ್ಪಿದ್ದು.

ಪಬ್ಲಿಕ್ ಐಪಿ (ಇಂಟರ್ನೆಟ್‌ನಲ್ಲಿ ಹೊರಗಿನವರಿಗೆ ಕಾಣುವ ವಿಳಾಸ) ಇರುವ ಯಾವ ರೂಟರನ್ನಾದರೂ ಜಗತ್ತಿನ ಎಲ್ಲೆಲ್ಲಿಂದಲೋ ದಿನವಿಡೀ ಯಾರೋ ತಟ್ಟುತ್ತಲೇ ಇರುತ್ತಾರೆ. ತಟ್ಟಿದ್ದಕ್ಕೆಲ್ಲ ವರದಿ ಬರೆಯಲು ಕೂತರೆ ಬೇರೆ ಕೆಲಸ ಆಗದು. ಬಾಗಿಲು ತೆಗೆದುಕೊಂಡಿತೇ, ಒಳಗೆ ಬಂದರೇ ಎಂಬುದನ್ನು ನೋಡಿ. ಅನುಮಾನವಿದ್ದರೆ ಕಳಿಸಿಬಿಡಿ, ಹೆಚ್ಚು ವರದಿ ಮಾಡಿದ್ದಕ್ಕೆ ದಂಡವಿಲ್ಲ.

ಬೆಳಿಗ್ಗೆ ಬಂದು ನೋಡಿದರೆ ಟ್ಯಾಲಿ ಡೇಟಾ ಒಂದೂ ತೆರೆಯುತ್ತಿಲ್ಲ, ಫೈಲ್ ಹೆಸರಿನ ಕೊನೆಗೆ ಏನೇನೋ ಅಕ್ಷರ, ಜೊತೆಗೊಂದು ಹಣ ಕೇಳುವ ಚೀಟಿ. ಮೊದಲ ಕೆಲಸ ಏನು?

ನೆಟ್‌ವರ್ಕ್ ಕೇಬಲ್ ಕೀಳಿ. ಆ ಒಂದು ಕಂಪ್ಯೂಟರಿನದಲ್ಲ, ಸ್ವಿಚ್‌ನಿಂದ ಹೊರಡುವ ಎಲ್ಲವನ್ನೂ. ವೈಫೈ ಆಫ್ ಮಾಡಿ. ಬ್ಯಾಕಪ್ ಹಾರ್ಡ್‌ಡಿಸ್ಕ್ ಚುಚ್ಚಿದ್ದರೆ ತೆಗೆದಿಡಿ. ರೂಟರನ್ನು ಮಾತ್ರ ಆರಿಸಬೇಡಿ, ಅದರ ಇಂಟರ್ನೆಟ್ ಕೇಬಲ್ ತೆಗೆದರೆ ಸಾಕು. ಸಾಮಾನ್ಯ ರೂಟರುಗಳ ಲಾಗ್, ಅಂದರೆ ಯಾವಾಗ ಏನು ನಡೆಯಿತೆಂಬ ದಾಖಲೆ, ಮೆಮೊರಿಯಲ್ಲಷ್ಟೇ ಇರುತ್ತದೆ, ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ಅದರ ಪುಟ ತೆರೆದು ಲಾಗ್ ಇಳಿಸಿಕೊಳ್ಳಿ, ಇಳಿಸಲು ಬಾರದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ.

ಸೋಂಕು ತಗುಲಿದ ಯಂತ್ರವನ್ನು ಆರಿಸಬೇಕೋ ಬೇಡವೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಬೀಗ ಹಾಕುವ ಕೆಲಸ ಮುಗಿದು ಚೀಟಿ ಬಂದಿದ್ದರೆ ಆರಿಸದೆ ಬಿಡುವುದು ಮೇಲು, ಮೆಮೊರಿಯಲ್ಲಿ ಸುಳಿವು ಉಳಿದಿರಬಹುದು. ಕಣ್ಣೆದುರೇ ಫೈಲ್ ಹೆಸರುಗಳು ಒಂದೊಂದಾಗಿ ಬದಲಾಗುತ್ತಿದ್ದರೆ ಸುಳಿವಿನ ಯೋಚನೆ ಬಿಟ್ಟು ಪವರ್ ತೆಗೆಯಿರಿ, ಉಳಿದ ಫೈಲುಗಳಾದರೂ ದಕ್ಕಲಿ.

ಆಮೇಲೆ ಚೀಟಿಯ ಫೋಟೊ, ಚೀಟಿಯ ಫೈಲು, ಬೀಗ ಬಿದ್ದ ಎರಡು ಮೂರು ಚಿಕ್ಕ ಫೈಲುಗಳನ್ನು ಬೇರೆ ಪೆನ್‌ಡ್ರೈವ್‌ಗೆ ತೆಗೆದಿಡಿ. ಆ ಪೆನ್‌ಡ್ರೈವನ್ನು ಇನ್ನಾವ ಕೆಲಸಕ್ಕೂ ಬಳಸಬೇಡಿ. ಮಾದರಿ ನೋಡಿ ಯಾವ ಜಾತಿಯ ರಾನ್ಸಮ್‌ವೇರ್ ಎಂದು ಗುರುತಿಸಬಹುದು, ಕೆಲವಕ್ಕೆ ಉಚಿತ ಬೀಗದಕೈಯೂ ಇದೆ. ಯುರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು 2016ರಲ್ಲಿ ಶುರುಮಾಡಿದ ‘ನೋ ಮೋರ್ ರಾನ್ಸಮ್’ ತಾಣದಲ್ಲಿ ಹುಡುಕಿ. ಇವತ್ತು ಸಿಗದಿದ್ದರೂ ನಾಲ್ಕು ತಿಂಗಳ ಮೇಲೆ ಸಿಗಬಹುದು, ಹಾಗಾಗಿ ಬೀಗ ಬಿದ್ದ ಡೇಟಾ ಎಸೆಯಬೇಡಿ.

ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಕೊಡುತ್ತೇನೆ ಎಂದು ಯಾರಾದರೂ ಮುಂದೆ ಬಂದರೆ ತಡೆಯಿರಿ. ಹಳೆಯ ಡಿಸ್ಕ್ ಬಿಚ್ಚಿ, ತಾರೀಖು ಬರೆದ ಚೀಟಿ ಅಂಟಿಸಿ ಬೀರುವಿನಲ್ಲಿಡಿ. ಹೊಸ ಡಿಸ್ಕ್ ಹಾಕಿ ಕೆಲಸ ಮುಂದುವರಿಸಿ. ಹೊಸ ಡಿಸ್ಕಿನ ಖರ್ಚು ದೊಡ್ಡದಲ್ಲ. ಹಳೆಯದು ಅಳಿಸಿಹೋದರೆ ಪೊಲೀಸರಿಗೂ ವಿಮೆಯವರಿಗೂ ತೋರಿಸಲು ಏನೂ ಉಳಿಯದು.

ಒಳಗೆ ಬಂದ ದಾರಿ ಮುಚ್ಚದೆ ಮತ್ತೆ ಇಂಟರ್ನೆಟ್ ಚುಚ್ಚಬೇಡಿ. ಸಣ್ಣ ಸಂಸ್ಥೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ರಿಮೋಟ್ ಡೆಸ್ಕ್‌ಟಾಪ್. ಆಡಿಟರ್ ಮನೆಯಿಂದಲೇ ಟ್ಯಾಲಿ ನೋಡಲಿ ಎಂದು ರೂಟರಿನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲು) ತೆರೆದಿಟ್ಟಿರುತ್ತಾರೆ, ಪಾಸ್‌ವರ್ಡ್ ಅಂಗಡಿ ಹೆಸರಿನ ಮುಂದೆ 123. ಪೋರ್ಟ್ ಸಂಖ್ಯೆ ಬದಲಿಸಿದರೆ ಸಾಲದು, ಹುಡುಕುವವರು ಎಲ್ಲ ಪೋರ್ಟುಗಳನ್ನೂ ತಡಕುತ್ತಾರೆ. ವಿಪಿಎನ್ (ಹೊರಗಿನವರು ನುಗ್ಗಲಾಗದ ಖಾಸಗಿ ಸಂಪರ್ಕ) ಹಾಕಿ, ಅದರ ಹಿಂದೆ ಮಾತ್ರ ರಿಮೋಟ್ ಡೆಸ್ಕ್‌ಟಾಪ್ ಇಡಿ.

ಬ್ಯಾಕಪ್ ಇತ್ತು, ಅದೂ ಹೋಯಿತು. ಯಾಕೆ?

ಸದಾ ಚುಚ್ಚಿಕೊಂಡಿರುವ ಡಿಸ್ಕ್ ಬ್ಯಾಕಪ್ ಅಲ್ಲ, ಇನ್ನೊಂದು ಡ್ರೈವ್ ಅಷ್ಟೆ. ಡಿ ಡ್ರೈವಿಗೆ ಬೀಗ ಹಾಕಿದ ಪ್ರೋಗ್ರಾಮು ಎಫ್ ಡ್ರೈವಿಗೂ ಹಾಕುತ್ತದೆ. ಗೂಗಲ್ ಡ್ರೈವ್‌ಗೆ ಸಿಂಕ್ ಆಗುತ್ತಿದ್ದರೆ ಬೀಗ ಬಿದ್ದ ಫೈಲೇ ಮೇಲೆ ಹೋಗಿ ಕೂರುತ್ತದೆ, ಆದರೆ ಅಲ್ಲಿ ಹಳೆಯ ಆವೃತ್ತಿಗಳು ಸಾಮಾನ್ಯವಾಗಿ 30 ದಿನ ಉಳಿದಿರುತ್ತವೆ, ತಕ್ಷಣ ನೋಡಿ. ಎರಡು ಡಿಸ್ಕ್ ಇಟ್ಟುಕೊಂಡು ವಾರ ಬಿಟ್ಟು ವಾರ ಬದಲಿಸಿ, ಒಂದು ಯಾವಾಗಲೂ ಕಚೇರಿಯ ಹೊರಗಿರಲಿ. ಮೂರು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ವರದಿ ಎಲ್ಲಿಗೆ ಕಳಿಸುವುದು? ಏನು ಬರೆಯುವುದು?

ಇ-ಮೇಲ್ ವಿಳಾಸ ಇನ್ಸಿಡೆಂಟ್ ಎಟ್ ಸರ್ಟ್-ಇನ್ ಡಾಟ್ ಆರ್ಗ್ ಡಾಟ್ ಇನ್, ಸರ್ಟ್ ಮತ್ತು ಇನ್ ನಡುವೆ ಅಡ್ಡಗೆರೆ ಇರಲಿ. ಉಚಿತ ದೂರವಾಣಿ 1800-11-4949. ಸರ್ಟ್-ಇನ್ ತಾಣದಲ್ಲಿ ವರದಿಯ ಫಾರ್ಮ್ ಸಿಗುತ್ತದೆ. ಫಾರ್ಮ್ ಸಿಗಲಿಲ್ಲವೆಂದು ತಡಮಾಡಬೇಡಿ, ಸಾದಾ ಮೇಲ್ ಆದರೂ ನಡೆಯುತ್ತದೆ. ದಾಳಿಗೊಳಗಾದ ಮೇಲ್ ಖಾತೆಯಿಂದ ಮಾತ್ರ ಕಳಿಸಬೇಡಿ, ನುಗ್ಗಿದವನು ಅದನ್ನು ಓದುತ್ತಿರಬಹುದು.

ನಮ್ಮ ಕಂಪ್ಯೂಟರ್ ಹ್ಯಾಕ್ ಆಗಿದೆ, ದಯವಿಟ್ಟು ಸಹಾಯ ಮಾಡಿ ಎಂಬ ಒಂದು ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗಿರಲಿ: “ತುಮಕೂರಿನ ಬಿಡಿಭಾಗ ತಯಾರಿಕಾ ಘಟಕ. 1 ಸರ್ವರ್, 7 ಕಂಪ್ಯೂಟರ್. ಸೋಮವಾರ ಬೆಳಿಗ್ಗೆ 9:10ಕ್ಕೆ ಗಮನಕ್ಕೆ ಬಂತು. ಸರ್ವರ್ ಮತ್ತು 2 ಕಂಪ್ಯೂಟರಿನ ಫೈಲುಗಳಿಗೆ ಬೀಗ ಬಿದ್ದಿದೆ, ಕೊನೆಯ ಬದಲಾವಣೆ ಭಾನುವಾರ ರಾತ್ರಿ 2:34. ಸರ್ವರ್ ವಿಂಡೋಸ್ 2016, 3389 ಪೋರ್ಟ್ ಹೊರಗೆ ತೆರೆದಿತ್ತು. ನಮ್ಮ ಪಬ್ಲಿಕ್ ಐಪಿ ಇಂತಿಂಥದ್ದು, ಇಂಟರ್ನೆಟ್ ಕಂಪನಿ ಇಂಥದ್ದು. 9:20ಕ್ಕೆ ನೆಟ್‌ವರ್ಕ್ ಕಡಿತ. ಫಾರ್ಮ್ಯಾಟ್ ಮಾಡಿಲ್ಲ. ಲಾಗ್, ಚೀಟಿ, ಮಾದರಿ ನಮ್ಮ ಬಳಿ ಇವೆ. ಸಂಪರ್ಕ ವ್ಯಕ್ತಿ, ಮೊಬೈಲ್.” ಸಮಯವೆಲ್ಲ ಭಾರತೀಯ ಕಾಲಮಾನ ಎಂದೂ ಸೇರಿಸಿ.

ವೈರಸ್ ಇರುವ ಫೈಲನ್ನು ಹಾಗೇ ಲಗತ್ತಿಸಿದರೆ ದಾರಿಯಲ್ಲೇ ಮೇಲ್ ವ್ಯವಸ್ಥೆ ತಡೆಹಿಡಿಯುತ್ತದೆ. ಪಾಸ್‌ವರ್ಡ್ ಹಾಕಿದ ಜಿಪ್ ಮಾಡಿ, ಪಾಸ್‌ವರ್ಡನ್ನು ಮೇಲ್‌ನಲ್ಲೇ ಬರೆಯಿರಿ. ಮೋಸದ ಮೇಲ್ ಬಗ್ಗೆ ದೂರಾದರೆ ಫಾರ್ವರ್ಡ್ ಮಾಡಬೇಡಿ, ಸ್ಕ್ರೀನ್‌ಶಾಟೂ ಸಾಲದು. ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ತೆರೆದು ಮೂಲ ಪ್ರತಿ ಇಳಿಸಿ ಲಗತ್ತಿಸಿ. ಮೇಲ್ ಯಾವ ಸರ್ವರ್‌ನಿಂದ ಹೊರಟಿತು ಎಂಬ ಸಾಲುಗಳು ಅದರಲ್ಲಿ ಮಾತ್ರ ಇರುತ್ತವೆ.

ವರದಿ ಕೊಟ್ಟ ಮೇಲೆ ದೆಹಲಿಯಿಂದ ಯಾರಾದರೂ ಬರುತ್ತಾರಾ?

ಅದನ್ನು ನಂಬಿ ಕೂರಬೇಡಿ. ವರದಿಗೊಂದು ಸಂಖ್ಯೆ ಬರುತ್ತದೆ. ಮುಂದಿನ ಪತ್ರವ್ಯವಹಾರದಲ್ಲೆಲ್ಲ ಅದನ್ನೇ ಬಳಸಿ. ಏನು ಮಾಡಬೇಕೆಂಬ ಸಲಹೆ ಬರಬಹುದು, ಹೆಚ್ಚಿನ ಲಾಗ್ ಕೇಳಬಹುದು. ನಿಮ್ಮ ಯಂತ್ರ ಸರಿಮಾಡಿಕೊಡುವುದು ಅವರ ಕೆಲಸವಲ್ಲ. ನೀವು ಕೊಟ್ಟ ಐಪಿ ವಿಳಾಸ, ಫೈಲಿನ ಗುರುತು ಇನ್ನೊಂದು ಊರಿನ ಇನ್ನೊಂದು ಘಟನೆಗೆ ಹೊಂದಿದರೆ ಎಚ್ಚರಿಕೆಯಾಗಿ ಎಲ್ಲರಿಗೂ ಹೋಗುತ್ತದೆ. ಆ ಫಲ ನಿಮಗೆ ನೇರವಾಗಿ ಕಾಣುವುದಿಲ್ಲ ಎಂಬುದು ನಿಜ. ವರದಿಗಳು ಕಡಿಮೆ ಬರುವುದಕ್ಕೆ ಇದೂ ಒಂದು ಕಾರಣವಿರಬಹುದು.

180 ದಿನದ ಲಾಗ್ ಇಟ್ಟುಕೊಳ್ಳಿ ಅನ್ನುತ್ತಾರೆ. ವಿಂಡೋಸ್ ತಾನೇ ಇಡುತ್ತದಲ್ಲ?

180 ದಿನ ಎಂಬುದು ಅದೇ 2022ರ ನಿರ್ದೇಶನದ ಮಾತು. ವಿಂಡೋಸ್ ಲಾಗ್ ಇಡುತ್ತದೆ, ಆದರೆ ಬೇಕಾದಷ್ಟು ದಿನ ಇಡುವುದಿಲ್ಲ. ವಿಂಡೋಸ್‌ನ ಸೆಕ್ಯುರಿಟಿ ಲಾಗ್‌ಗೆ ಮೊದಲೇ ನಿಗದಿಯಾದ ಗಾತ್ರ 20 ಎಂಬಿ. ತುಂಬಿದ ಮೇಲೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಹೊರಗಿನಿಂದ ಪಾಸ್‌ವರ್ಡ್ ಊಹಿಸಿ ಬಡಿಯುತ್ತಿರುವ ಸರ್ವರ್‌ನಲ್ಲಿ ಅಷ್ಟು ಜಾಗ ಒಂದೆರಡು ದಿನಕ್ಕೇ ತುಂಬಬಹುದು. ನಿಮಗೆ ಬೇಕಾದ ಭಾನುವಾರ ರಾತ್ರಿಯ ಸಾಲು ಬುಧವಾರಕ್ಕೆ ಇರುವುದಿಲ್ಲ. ಈವೆಂಟ್ ವ್ಯೂವರ್ ತೆರೆದು, ಸೆಕ್ಯುರಿಟಿ ಮೇಲೆ ಬಲಗಡೆ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಗಾತ್ರವನ್ನು 1 ಜಿಬಿಗೆ ಏರಿಸಿ. ತುಂಬಿದಾಗ ಅಳಿಸದೆ ಆರ್ಕೈವ್ ಮಾಡುವ ಆಯ್ಕೆಯನ್ನೂ ಒತ್ತಿ. ಅಲ್ಲಿ ನೋಡಬೇಕಾದ ಸಂಖ್ಯೆಗಳು: 4625 ವಿಫಲ ಲಾಗಿನ್, 4624 ಸಫಲ ಲಾಗಿನ್. 4624ರಲ್ಲಿ ಟೈಪ್ 10 ಇದ್ದರೆ ರಿಮೋಟ್ ಡೆಸ್ಕ್‌ಟಾಪ್‌ನಿಂದ ಬಂದದ್ದು. 1102 ಕಂಡರೆ ಯಾರೋ ಲಾಗ್ ಅಳಿಸಿದ್ದಾರೆಂದರ್ಥ. ನೀವಲ್ಲದಿದ್ದರೆ ಅದೊಂದೇ ಸಾಲು ವರದಿ ಮಾಡಲು ಸಾಕು.

ಲಿನಕ್ಸ್‌ನಲ್ಲೂ ಇದೇ ಕಥೆ. ಉಬುಂಟುವಿನಲ್ಲಿ ಅಪಾಚೆ ವೆಬ್ ಸರ್ವರ್ ದಿನಕ್ಕೊಂದು ಲಾಗ್ ಮಾಡಿ 14 ದಿನ ಇಟ್ಟು ಎಸೆಯುತ್ತದೆ. ಲಾಗ್‌ರೊಟೇಟ್ ಸೆಟ್ಟಿಂಗ್‌ನಲ್ಲಿ 14 ಇದ್ದಲ್ಲಿ 180 ಬರೆಯಿರಿ. ವಾರಕ್ಕೊಮ್ಮೆ ತಿರುಗಿಸುವ ಲಾಗ್ ಆದರೆ 4ರ ಜಾಗಕ್ಕೆ 26, ಅಂದರೆ 182 ದಿನ. ಕುಗ್ಗಿಸಿಟ್ಟರೆ ಜಾಗ ಹೆಚ್ಚು ಬೇಡ. ಬಾಡಿಗೆ ಹೋಸ್ಟಿಂಗ್‌ನ ಸಿಪ್ಯಾನೆಲ್‌ನಲ್ಲಿ ಕಾಲೇಜಿನ ತಾಣವಿದ್ದರೆ ‘ರಾ ಆಕ್ಸೆಸ್’ ಪುಟಕ್ಕೆ ಹೋಗಿ ಆರ್ಕೈವ್ ಚೌಕಕ್ಕೆ ಟಿಕ್ ಹಾಕಿ, ಹಿಂದಿನ ತಿಂಗಳಿನದು ಅಳಿಸುವ ಚೌಕದ ಟಿಕ್ ತೆಗೆಯಿರಿ.

ಲಾಗ್ ಅದೇ ಯಂತ್ರದಲ್ಲಿ ಮಾತ್ರ ಇದ್ದರೆ ನುಗ್ಗಿದವನು ಅದನ್ನೂ ಅಳಿಸುತ್ತಾನೆ. ಮೂಲೆಗೆ ಬಿದ್ದ ಹಳೆಯ ಕಂಪ್ಯೂಟರ್ ಒಂದಕ್ಕೆ ಲಿನಕ್ಸ್ ಹಾಕಿ, ರೂಟರ್, ಫೈರ್‌ವಾಲ್, ಸರ್ವರ್‌ಗಳ ಸಿಸ್‌ಲಾಗ್ ಅಲ್ಲಿಗೆ ಹೋಗುವಂತೆ ಮಾಡಿ. ಅದರ ಪಾಸ್‌ವರ್ಡ್ ಬೇರೆಯದೇ ಇರಲಿ.

ಗಡಿಯಾರದ ಬಗ್ಗೆಯೂ ನಿಯಮ ಇದೆಯಂತೆ?

ಇದೆ. ಎಲ್ಲ ಯಂತ್ರಗಳ ಗಡಿಯಾರ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗೆ ಕೂಡಿಕೊಂಡಿರಬೇಕು. ಎನ್‌ಐಸಿಯದು ಸಮಯ್1 ಡಾಟ್ ಎನ್‌ಐಸಿ ಡಾಟ್ ಇನ್, ಇನ್ನೊಂದು ಸಮಯ್2. ಹತ್ತು ಕಂಪ್ಯೂಟರು ಒಂದು ಡೊಮೇನ್‌ನಲ್ಲಿ (ಒಂದೇ ಸರ್ವರ್‌ನ ಹಿಡಿತದ ಗುಂಪಿನಲ್ಲಿ) ಇದ್ದರೆ ಡೊಮೇನ್ ಸರ್ವರ್ ಒಂದಕ್ಕೆ ಹಾಕಿದರೆ ಸಾಕು, ಮಿಕ್ಕವು ಅದನ್ನೇ ಹಿಂಬಾಲಿಸುತ್ತವೆ.

ಕ್ಯಾಮೆರಾ ಡಿವಿಆರ್‌ಗಳಲ್ಲಿ ಎಡವಟ್ಟು ಹೆಚ್ಚು. ಎರಡೂವರೆ ಗಂಟೆ ಮುಂದೆ ಓಡುತ್ತಿದ್ದರೆ ಟೈಮ್ ಝೋನ್ ಚೀನಾದ್ದೇ ಉಳಿದಿದೆ ಎಂದರ್ಥ, 5:30ಕ್ಕೆ ಬದಲಿಸಿ. ಕರೆಂಟ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನ ತಾರೀಖು ಹಿಂದಕ್ಕೆ ಓಡಿದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ. ವಿದೇಶಿ ಸೇವೆಗಳ ಲಾಗ್ ಯುಟಿಸಿಯಲ್ಲಿ (ಅಂತರರಾಷ್ಟ್ರೀಯ ಕಾಲಮಾನದಲ್ಲಿ) ಇರುತ್ತದೆ, ಐದೂವರೆ ಗಂಟೆ ಕೂಡಿಸಬೇಕು. 11ನೇ ತಾರೀಖು 18:45 ಎಂದಿದ್ದರೆ ಇಲ್ಲಿ 12ನೇ ತಾರೀಖು ರಾತ್ರಿ 12:15. ದಿನವೇ ಬದಲಾಗುವ ಈ ಜಾಗದಲ್ಲಿ ಕ್ಯಾಮೆರಾ ದೃಶ್ಯಕ್ಕೂ ಲಾಗ್‌ಗೂ ತಾಳೆಯಾಗದೆ ತನಿಖೆ ದಿಕ್ಕು ತಪ್ಪುತ್ತದೆ.

ನಿಮ್ಮ ಐಪಿಯಿಂದ ಬಾಟ್‌ನೆಟ್ ಸಂಚಾರ ಕಂಡುಬಂದಿದೆ ಎಂದು ಇಂಟರ್ನೆಟ್ ಕಂಪನಿಯಿಂದ ಸೂಚನೆ ಬಂದಿದೆ. ನಮ್ಮಲ್ಲಿ ವೈರಸ್ ಇಲ್ಲ, ಆಂಟಿವೈರಸ್ ಹಾಕಿದ್ದೇವೆ.

ಬಾಟ್‌ನೆಟ್ ಅಂದರೆ ಸೋಂಕು ತಗುಲಿ ದಾಳಿಕೋರರ ಹಿಡಿತಕ್ಕೆ ಸಿಕ್ಕ ಯಂತ್ರಗಳ ಜಾಲ. ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರ 2017ರ ಫೆಬ್ರುವರಿ 21ರಂದು ಶುರುವಾಯಿತು. ಸೋಂಕಿತ ಯಂತ್ರಗಳ ಐಪಿ ಪಟ್ಟಿಯನ್ನು ಇಂಟರ್ನೆಟ್ ಕಂಪನಿಗಳಿಗೆ ಕೊಟ್ಟು, ಅವರ ಮೂಲಕ ಗ್ರಾಹಕರಿಗೆ ತಿಳಿಸುವುದು ಅದರ ಕ್ರಮ. ವಿಂಡೋಸ್ ಯಂತ್ರ ತೊಳೆಯುವ ಉಚಿತ ಸಾಧನಗಳೂ ಅದರ ತಾಣದಲ್ಲಿವೆ.

ಸೂಚನೆಯಲ್ಲಿ ಮೂರು ಸಂಗತಿ ಹುಡುಕಿ: ಸಮಯ, ಪೋರ್ಟ್ ಸಂಖ್ಯೆ, ಸೋಂಕಿನ ಹೆಸರು. ಊರಿನ ಕೇಬಲ್ ನೆಟ್‌ನವರು ಎಷ್ಟೋ ಬಾರಿ ಹತ್ತಾರು ಮನೆಗಳಿಗೆ ಒಂದೇ ಪಬ್ಲಿಕ್ ಐಪಿ ಹಂಚಿರುತ್ತಾರೆ. ಆಗ ಐಪಿ ಒಂದರಿಂದ ತಪ್ಪಿತಸ್ಥ ಯಂತ್ರ ಯಾವುದೆಂದು ಹೇಳಲು ಬರುವುದಿಲ್ಲ. ಸಮಯ ಮತ್ತು ಪೋರ್ಟ್ ಎರಡೂ ಇದ್ದರೆ ಮಾತ್ರ ಕಂಪನಿಯವರು ತಮ್ಮ ಲಾಗ್ ನೋಡಿ ಇದು ನಿಮ್ಮ ಸಂಪರ್ಕವೇ ಅಲ್ಲವೇ ಎಂದು ಹೇಳಬಲ್ಲರು. ಕೇಳಿ, ಅದು ನಿಮ್ಮ ಹಕ್ಕು.

ನಿಮ್ಮದೇ ಎಂದಾದರೆ ಕಂಪ್ಯೂಟರಿಗಿಂತ ಮೊದಲು ಕ್ಯಾಮೆರಾ, ಡಿವಿಆರ್, ರೂಟರ್, ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಟಿವಿ ಬಾಕ್ಸ್ ನೋಡಿ. ಇವಕ್ಕೆ ಆಂಟಿವೈರಸ್ ಹಾಕಲು ಬರುವುದಿಲ್ಲ. ಸೋಂಕಿನ ಹೆಸರು ಮಿರಾಯ್ ಎಂದಿದ್ದರೆ ಅದು ಮೆಮೊರಿಯಲ್ಲಿ ಮಾತ್ರ ವಾಸಿಸುವಂಥದ್ದು, ಆರಿಸಿ ಹಚ್ಚಿದರೆ ಹೋಗುತ್ತದೆ. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಬೇಗನೆ ಮತ್ತೆ ಅಂಟಿಕೊಳ್ಳುತ್ತದೆ. ಆದ್ದರಿಂದ ಇಂಟರ್ನೆಟ್ ಕಿತ್ತು, ಆರಿಸಿ ಹಚ್ಚಿ, ಪಾಸ್‌ವರ್ಡ್ ಬದಲಿಸಿ, ಟೆಲ್ನೆಟ್ (ದೂರದಿಂದ ಒಳಬರುವ ಹಳೆಯ ದಾರಿ) ಮುಚ್ಚಿ, ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಹೊಸದು ಹಾಕಿ, ಕೊನೆಗೆ ಇಂಟರ್ನೆಟ್ ಚುಚ್ಚಿ. ಕ್ರಮ ಹಿಂದುಮುಂದಾದರೆ ಶ್ರಮ ವ್ಯರ್ಥ. ಟಿವಿ ಬಾಕ್ಸ್‌ಗಳಲ್ಲಿ ಕೆಲವಕ್ಕೆ ಕಾರ್ಖಾನೆಯಿಂದಲೇ ಸೋಂಕು ಬಂದಿರುತ್ತದೆ, ಫ್ಯಾಕ್ಟರಿ ರೀಸೆಟ್ ಮಾಡಿದರೂ ಹೋಗದು. ಅವನ್ನು ತೆಗೆದುಬಿಡುವುದೇ ಸರಿ.

ಹೊಸ ಕ್ಯಾಮೆರಾ ಕೊಳ್ಳುವಾಗ ಏನು ನೋಡಬೇಕು?

2025ರ ಏಪ್ರಿಲ್ 9ರಿಂದ ಸಿಸಿಟಿವಿಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ. ಅಂಗಡಿಯಲ್ಲಿ ಹಳೆಯ ದಾಸ್ತಾನು ಕೊಡುತ್ತಿಲ್ಲ ತಾನೆ ಎಂದು ಕೇಳಿ. ಮೊಬೈಲಿನಲ್ಲಿ ನೋಡಲೆಂದು ರೂಟರಿನಲ್ಲಿ ಪೋರ್ಟ್ ತೆರೆಯಲು ಬಿಡಬೇಡಿ.

ತಿಪಟೂರಿನಿಂದ ಮಾಲು ಕಳಿಸಿದ್ದೇವೆ. ನಮ್ಮದೇ ಮೇಲ್‌ನಿಂದ ‘ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಹೋಗಿ, ಕೊಂಡವರು ಬೇರೆ ಯಾರಿಗೋ ಹಣ ಹಾಕಿದ್ದಾರೆ. ಪಾಸ್‌ವರ್ಡ್ ಬದಲಿಸಿದ್ದೇವೆ, ಸಾಕಲ್ಲವೇ?

ಸಾಲದು. ಹಣ ಹಾಕಿದವರು ಮೊದಲು 1930ಕ್ಕೆ ಕರೆ ಮಾಡಲಿ. ಆಮೇಲೆ ಮೇಲ್ ಸೆಟ್ಟಿಂಗ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಪುಟ ತೆರೆಯಿರಿ. ಕಳ್ಳ ಅಲ್ಲೊಂದು ಕಟ್ಟಳೆ ಬರೆದಿಟ್ಟಿರುತ್ತಾನೆ: ‘ಇನ್‌ವಾಯ್ಸ್’ ಎಂಬ ಪದವಿರುವ ಮೇಲ್ ನನಗೂ ಕಳಿಸು, ಇನ್‌ಬಾಕ್ಸ್‌ನಿಂದ ಮರೆಮಾಡು. ಪಾಸ್‌ವರ್ಡ್ ಬದಲಾದರೂ ಆ ಕಟ್ಟಳೆ ಜೀವಂತವಾಗಿರುತ್ತದೆ. ಅದರ ಫೋಟೊ ತೆಗೆದು ಆಮೇಲೆ ಅಳಿಸಿ. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿಸಿ, ಆ್ಯಪ್ ಪಾಸ್‌ವರ್ಡ್‌ಗಳನ್ನು ರದ್ದುಮಾಡಿ, ಎರಡು ಹಂತದ ಲಾಗಿನ್ ಹಾಕಿ.

ಮೂಲ ಮೇಲ್‌ನಲ್ಲಿ ವಿಳಾಸವನ್ನು ಅಕ್ಷರ ಅಕ್ಷರ ನೋಡಿ. ಎಷ್ಟೋ ಸಲ ಅದು ನಿಮ್ಮ ಮೇಲ್ ಆಗಿರುವುದೇ ಇಲ್ಲ, ಒಂದಕ್ಷರ ಬದಲಿಸಿ ಕೊಂಡ ಬೇರೆ ಡೊಮೇನ್ ಆಗಿರುತ್ತದೆ. ಆ ಡೊಮೇನನ್ನು ಮುಚ್ಚಿಸಲು ಸರ್ಟ್-ಇನ್‌ಗೆ ಬರೆಯುವುದು ಇಂಥಲ್ಲಿ ನಿಜಕ್ಕೂ ಉಪಯೋಗ.

ಸರ್ಟ್-ಇನ್ ಹೊರಡಿಸುವ ದೋಷ ಸೂಚನೆ ಓದುವುದು ಹೇಗೆ? ಎಲ್ಲವೂ ‘ಹೈ’ ಅಂತಲೇ ಇರುತ್ತದಲ್ಲ.

ಸಿಐವಿಎನ್ ಎಂದು ಶುರುವಾಗಿ ವರ್ಷ, ಸಂಖ್ಯೆ ಇರುವುದು ಒಂದು ತಂತ್ರಾಂಶದ ದೋಷದ ಸೂಚನೆ. ಸಿಐಎಡಿ ಎಂದಿದ್ದರೆ ಸಲಹೆ. ತೀವ್ರತೆಗಿಂತ ಮೊದಲು ‘ಬಾಧಿತ ತಂತ್ರಾಂಶ’ದ ಸಾಲು ಓದಿ, ಅಲ್ಲಿರುವ ಆವೃತ್ತಿ ನಿಮ್ಮದೇ ಎಂದು ಹೋಲಿಸಿ. ನಿಮ್ಮಲ್ಲಿ ಇಲ್ಲದ ತಂತ್ರಾಂಶದ ‘ಕ್ರಿಟಿಕಲ್’ಗಿಂತ, ಇಂಟರ್ನೆಟ್‌ಗೆ ಮುಖಮಾಡಿರುವ ನಿಮ್ಮ ಫೈರ್‌ವಾಲ್‌ನ ‘ಮೀಡಿಯಂ’ ಅವಸರದ್ದು. ದಾಳಿಕೋರರು ಈಗಾಗಲೇ ಬಳಸುತ್ತಿದ್ದಾರೆ ಎಂಬ ಮಾತಿದ್ದರೆ ಅವತ್ತೇ ಪ್ಯಾಚ್ (ದೋಷ ಮುಚ್ಚುವ ತೇಪೆ) ಹಾಕಿ. ವಾನಾಕ್ರೈ ಎಂಬ ರಾನ್ಸಮ್‌ವೇರ್ ಹರಡಿದ್ದು 2017ರ ಮೇ 12ರಂದು, ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿದ್ದು ಮಾರ್ಚ್ 14ರಂದು. ನಡುವಿನ ಎರಡು ತಿಂಗಳು ಸುಮ್ಮನಿದ್ದವರೇ ಸಿಕ್ಕಿಬಿದ್ದರು.

ಸುದ್ದಿವಾಹಿನಿಗಳಲ್ಲಿ ‘ಎಲ್ಲ ಫೋನ್‌ಗಳಿಗೂ ಸರ್ಕಾರದ ಎಚ್ಚರಿಕೆ’ ಎಂದು ಬರುವುದು ಬಹುಪಾಲು ಇದೇ ಸೂಚನೆಗಳು, ಆವೃತ್ತಿಯ ಸಾಲನ್ನು ಮಾತ್ರ ಬಿಟ್ಟು.

ಸರ್ಟ್-ಇನ್ ಹೆಸರಿನಲ್ಲಿ ನೋಟಿಸ್ ಬಂದಿದೆ, 24 ಗಂಟೆಯೊಳಗೆ ಉತ್ತರಿಸದಿದ್ದರೆ ಬಂಧನವಂತೆ.

ನಕಲಿ. ಸರ್ಟ್-ಇನ್ ಯಾರನ್ನೂ ಬಂಧಿಸುವುದಿಲ್ಲ, ಒಟಿಪಿ ಕೇಳುವುದಿಲ್ಲ, ವಿಡಿಯೊ ಕಾಲ್‌ನಲ್ಲಿ ಕೂರಿಸುವುದಿಲ್ಲ. ನಿಜವಾದ ಪತ್ರವೇ ಎಂಬ ಅನುಮಾನವಿದ್ದರೆ ಅದರಲ್ಲಿರುವ ನಂಬರಿಗೆ ಕರೆ ಮಾಡದೆ ಮೇಲಿನ 1800 ಸಂಖ್ಯೆಗೆ ಕೇಳಿ.

ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಸರ್ಕಾರಿ ತಾಣವೊಂದರಲ್ಲಿ ದೋಷ ಕಂಡುಹಿಡಿದಿದ್ದಾನೆ. ಯಾರಿಗೆ ಹೇಳಬೇಕು?

ಸರ್ಟ್-ಇನ್‌ಗೇ. ದೋಷ ತಿಳಿಸಲು ಅಲ್ಲಿ ಪ್ರತ್ಯೇಕ ವ್ಯವಸ್ಥೆ ಇದೆ, 2021ರಿಂದ ದೋಷಗಳಿಗೆ ಅಂತರರಾಷ್ಟ್ರೀಯ ಸಿವಿಇ ಸಂಖ್ಯೆ ಕೊಡುವ ಅಧಿಕಾರವೂ ಅದಕ್ಕಿದೆ. ದೋಷ ಇದೆಯೆಂದು ತೋರಿಸಲು ಬೇಕಾದಷ್ಟರಲ್ಲೇ ನಿಲ್ಲಲಿ. ತನ್ನದೇ ದಾಖಲೆಯ ಸಂಖ್ಯೆ ಬದಲಿಸಿದಾಗ ಬೇರೆಯವರದು ತೆರೆದುಕೊಂಡರೆ ಒಂದು ಸಾಕು, ಐನೂರು ಇಳಿಸಿಕೊಳ್ಳುವುದು ಬೇಡ. ಅನುಮತಿಯಿಲ್ಲದೆ ಡೇಟಾ ತೆಗೆದರೆ ಕಾಯ್ದೆಯ 66ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು, ಉದ್ದೇಶ ಒಳ್ಳೆಯದಿತ್ತು ಎಂಬುದನ್ನು ಆಮೇಲೆ ಸಾಬೀತು ಮಾಡುತ್ತಾ ಓಡಾಡಬೇಕು. ಸರಿಪಡಿಸುವ ಮುನ್ನ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವುದಂತೂ ಬೇಡವೇ ಬೇಡ.

ತಾಣದ ಭದ್ರತಾ ಆಡಿಟ್ ಸರ್ಟ್-ಇನ್‌ನವರೇ ಮಾಡುತ್ತಾರಾ?

ಇಲ್ಲ. ಅವರು ಮಾನ್ಯ ಮಾಡಿದ ಆಡಿಟರ್‌ಗಳ ಪಟ್ಟಿ ತಾಣದಲ್ಲಿದೆ. ದರ ನೀವೇ ಮಾತಾಡಿಕೊಳ್ಳಬೇಕು. ಮೊದಲ ಸುತ್ತಿನ ದೋಷಗಳನ್ನು ಸರಿಪಡಿಸಿದ ಮೇಲಿನ ಮರುಪರೀಕ್ಷೆ ಅದೇ ದರದಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ. ವಾದಗಳು ಹುಟ್ಟುವುದು ಅಲ್ಲೇ.

ನಮ್ಮ ವರದಿ ಏನಾಯಿತೆಂದು ಆರ್‌ಟಿಐ ಹಾಕಿ ಕೇಳಬಹುದೇ?

2023ರ ನವೆಂಬರ್‌ನಲ್ಲಿ ಸರ್ಟ್-ಇನ್ ಅನ್ನು ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಗೆ ಸೇರಿಸಲಾಯಿತು. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟರೆ ಅರ್ಜಿಗೆ ಉತ್ತರ ಕೊಡುವ ಬಾಧ್ಯತೆ ಅದಕ್ಕಿಲ್ಲ. ವರದಿಯ ಸಂಖ್ಯೆ ನಮೂದಿಸಿ ಮೇಲ್ ಮಾಡಿ ಕೇಳುವುದೊಂದೇ ದಾರಿ.